ಎಲುಬಿಗೆ ಬರುವ ಚೀಟಿಗಳು

ಗೋಗಿಯಲ್ಲಿ ಬೆಳಗಾಗುವುದು ರೊಟ್ಟಿ ಬಡಿಯುವ ಸದ್ದಿನಿಂದ. ಕೋಳಿ ಕೂಗುವುದು ಒಂದು ದಿನ ತಪ್ಪೀತು, ಜೋಳದ ಹಿಟ್ಟಿನ ಮೇಲೆ ಅಂಗೈ ಬೀಳುವ ಆ ತಟತಟ ಸದ್ದು ತಪ್ಪುವುದಿಲ್ಲ. 2014ರ ಚಳಿಗಾಲದಲ್ಲಿ ಒಂದು ಮನೆಯಲ್ಲಿ ಅದು ತಪ್ಪಿತು. ಆ ಮನೆಯ ತಾಯಿಗೆ ಆಗ ನಲವತ್ತರ ಆಸುಪಾಸು. ಎಸರು ಹೊಯ್ದು ಹಿಟ್ಟು ನಾದಲು ಕುಳಿತರೆ ಬೆರಳು ಬಿಚ್ಚುತ್ತಿರಲಿಲ್ಲ. "ಯವ್ವಾ, ಬೆರಳು ಕಟಗಿ ಆಗ್ಯಾವ" ಎಂದು ಮಗಳಿಗೆ ಹೇಳಿ ಎರಡೂ ಕೈಯನ್ನು ಬಿಸಿನೀರಿನಲ್ಲಿ ಅದ್ದಿಕೊಂಡು ಕೂರುತ್ತಿದ್ದಳು. ಹೊತ್ತು ಏರಿ ಅಂಗಳದ ಬೇವಿನ ಮರ ದಾಟಿದ ಮೇಲೆ ಬೆರಳು ಸ್ವಲ್ಪ ಸ್ವಲ್ಪವೇ ಸಡಿಲಾಗುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಹತ್ತಿ ಬಿಡಿಸಲು ಹೋಗುವಷ್ಟು ಆಗುತ್ತಿತ್ತು. ಮರುದಿನ ಬೆಳಿಗ್ಗೆ ಮತ್ತೆ ಅದೇ.

ಓಣಿಯವರು ತೀರ್ಪು ಕೊಡಲು ತಡಮಾಡಲಿಲ್ಲ. "ಈ ಊರ ನೀರೇ ಹಂಗದ. ಇದನ್ನ ಕುಡ್ದವರ ಎಲುಬು ಇಷ್ಟೇ" ಎಂದರು.

ಈ ಮಾತು ಬುಡವಿಲ್ಲದ್ದಲ್ಲ. ಶಹಾಪುರ ತಾಲ್ಲೂಕಿನ ಗೋಗಿ ಎರಡು ಕಾರಣಕ್ಕೆ ಹೆಸರಾದ ಊರು. ಒಂದು, ಇಲ್ಲಿ ಚಂದಾ ಹುಸೇನಿಯವರ ದರ್ಗಾ ಇದೆ. 1510ರಲ್ಲಿ ತೀರಿಕೊಂಡ ಬಿಜಾಪುರದ ಮೊದಲ ಸುಲ್ತಾನ ಯೂಸುಫ್ ಆದಿಲ್ ಶಾಹನ ಗೋರಿ ಅದರ ಮಗ್ಗುಲಲ್ಲೇ ಇದೆ. ಗೋಳಗುಮ್ಮಟ ನೋಡಲು ಬಸ್ಸು ತುಂಬಿಸಿಕೊಂಡು ಹೋಗುವ ಶಾಲೆಗಳಿಗೆ ಆ ವಂಶದ ಮೂಲಪುರುಷ ಮಲಗಿರುವುದು ಗೋಗಿಯಲ್ಲಿ ಎಂಬುದು ನೆನಪಾಗುವುದು ಕಡಿಮೆ. ಇನ್ನೊಂದು ಕಾರಣ ನೆಲದ ಕೆಳಗಿನದು. ಇಲ್ಲಿನ ಬಂಡೆಯಲ್ಲಿ ಯುರೇನಿಯಂ ನಿಕ್ಷೇಪವಿದೆ ಎಂದು ಪತ್ತೆಯಾದ ಮೇಲೆ ಗಣಿ ಬೇಕೋ ಬೇಡವೋ ಎಂಬ ವಾದ ಊರನ್ನು ಬಿಟ್ಟಿಲ್ಲ. ಸುತ್ತಲಿನ ಸೀಮೆಯ ನೀರಿನ ಕಥೆಯೂ ಚೆನ್ನಾಗಿಲ್ಲ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ ಸಿಕ್ಕಿತು. ಯಾದಗಿರಿ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಹೀಗಿರುವಲ್ಲಿ ಕೈಕಾಲು ನೋವು ಎಂದರೆ ಜನ ನೀರಿನ ಕಡೆ ಬೆರಳು ತೋರಿಸುವುದು ಸಹಜವೇ.

ಫ್ಲೋರೈಡ್ ಎಲುಬಿಗೆ ಮಾಡುವ ಹಾನಿಯೂ ಹೊಸ ಸಂಗತಿಯಲ್ಲ. ನಮ್ಮ ದೇಶದಲ್ಲಿ ಅದನ್ನು ಮೊದಲು ವಿವರವಾಗಿ ದಾಖಲಿಸಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವರ್ಷಗಟ್ಟಲೆ ದಾಟಿದರೆ ಅದು ಎಲುಬಿನ ಸುಣ್ಣದ ಹರಳಿನೊಳಗೆ ಸೇರಿಕೊಳ್ಳುತ್ತದೆ. ಎಲುಬು ದಪ್ಪವಾಗುತ್ತದೆ, ಆದರೆ ಪೆಡಸಾಗುತ್ತದೆ. ಬೆನ್ನುಹುರಿಯ ಸುತ್ತಲಿನ ನಾರುಗಳೂ ಸುಣ್ಣಗಟ್ಟಿ ಬೆನ್ನು, ಕುತ್ತಿಗೆ ಮರದ ತೊಲೆಯಂತಾಗುತ್ತವೆ. ಈ ತಾಯಿಯ ಓಣಿಯಲ್ಲೇ ಅಂಥ ಒಬ್ಬ ಮುತ್ಯಾ ಇದ್ದ. ಕರೆದರೆ ಕುತ್ತಿಗೆ ಹೊರಳಿಸಲಾರ, ಇಡೀ ಮೈಯನ್ನೇ ತಿರುಗಿಸಬೇಕು. ನೀರನ್ನು ಕುದಿಸಿ ಕುಡಿದರೆ ಫ್ಲೋರೈಡ್ ಹೋಗುತ್ತದೆ ಎಂದು ನಂಬಿದವರು ಇಂದಿಗೂ ಇದ್ದಾರೆ. ಕುದಿಸಿದರೆ ನೀರು ಆವಿಯಾಗಿ ಕಡಿಮೆಯಾಗುತ್ತದೆ, ಫ್ಲೋರೈಡ್ ಅಷ್ಟೇ ಉಳಿಯುತ್ತದೆ. ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ.

ತಾಯಿಯದು ಬೇರೆ ಥರ ಎಂದು ಮೊದಲು ಗಮನಿಸಿದವಳು ಮಗಳು. ಮುತ್ಯಾನ ಬೆನ್ನು ಹೊತ್ತು ಮುಳುಗುವವರೆಗೂ ಒಂದೇ ರೀತಿ ಬಿಗಿ. ಅವ್ವನ ಬೆರಳು ಬೆಳಿಗ್ಗೆ ಬಿಗಿ, ಮಧ್ಯಾಹ್ನ ಸಡಿಲು. ಮುತ್ಯಾನ ಕೀಲು ಮುಟ್ಟಿದರೆ ತಣ್ಣಗೆ. ಅವ್ವನ ಮುಂಗೈ ಮತ್ತು ಬೆರಳಿನ ಬುಡದ ಗಂಟುಗಳು ಊದಿ ಬೆಚ್ಚಗಿರುತ್ತಿದ್ದವು, ಬಲಗೈ ಎಡಗೈ ಎರಡರಲ್ಲೂ ಒಂದೇ ಜಾಗದಲ್ಲಿ. ಆದರೆ ಹತ್ತನೆಯ ತರಗತಿಯ ಹುಡುಗಿಯ ಮಾತನ್ನು ಯಾರು ಕೇಳುತ್ತಾರೆ?

ಮುಂದಿನ ಎರಡು ವರ್ಷ ಗುಳಿಗೆ, ಇಂಜೆಕ್ಷನ್ನಿನಲ್ಲಿ ಕಳೆದವು. ಹತ್ತಿರದವರೊಬ್ಬರು ಕೊಡುತ್ತಿದ್ದ ಸಣ್ಣ ಬಿಳಿ ಗುಳಿಗೆ ನುಂಗಿದರೆ ಅದ್ಭುತ. ಮರುದಿನವೇ ಊತ ಇಳಿದು ತಾಯಿ ಒಲೆಯ ಮುಂದೆ ಕೂರುತ್ತಿದ್ದಳು. ಗುಳಿಗೆ ನಿಂತರೆ ನೋವು ಎರಡರಷ್ಟಾಗಿ ಮರಳುತ್ತಿತ್ತು. ಮುಖ ದುಂಡಗಾಯಿತು. "ಮೈ ತುಂಬ್ಯಾದ" ಎಂದು ಬೀಗರು ಹೊಗಳಿದರು. ಅದು ಸ್ಟೀರಾಯ್ಡ್ ಎಂದು ಮನೆಯವರಿಗೆ ಗೊತ್ತಾದದ್ದು ಬಹಳ ತಡವಾಗಿ.

ಅಷ್ಟರಲ್ಲಿ ಮಗಳು ಶಹಾಪುರದ ಕಾಲೇಜಿನಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಿದ್ದಳು. ಬೆಳಿಗ್ಗೆ ಬಸ್ಸು ಹಿಡಿಯಬೇಕು. ಅದಕ್ಕೆ ಮೊದಲು ಇಪ್ಪತ್ತು ರೊಟ್ಟಿ ಬಡಿಯಬೇಕು. ವಾರಕ್ಕೆ ಎರಡು ದಿನ ಬಸ್ಸು ತಪ್ಪತೊಡಗಿತು, ಆಮೇಲೆ ಮೂರು ದಿನ. ಹಾಜರಿ ಕಡಿಮೆಯಾದಾಗ ತಂದೆ ಹೇಳಿದ ಮಾತು ಸಿಟ್ಟಿನದಲ್ಲ, ಸೋತವನದು: "ಸಾಕ್ ಬಿಡವ್ವ. ನಿಮ್ಮವ್ವನ ಕೈಯಂತೂ ಹೋದವು. ಮನಿ ನೋಡಕೋ." ಒಂದು ಸಂಬಂಧವೂ ಬಂದಿತ್ತು. ಗಂಡಿನ ಕಡೆಯವರು ತಾಯಿಯ ಕೈ ನೋಡಿ, ಇದು ಮಗಳಿಗೂ ಬರುತ್ತದೇನೋ ಎಂದು ಕೇಳಿ ಹೋದರು, ಮತ್ತೆ ಬರಲಿಲ್ಲ. ಮಗಳಿಗೆ ಅದರಿಂದ ದುಃಖವೇನೂ ಆಗಲಿಲ್ಲವಂತೆ. ಆದರೆ ಆ ಪ್ರಶ್ನೆ ಮಾತ್ರ ಮನಸ್ಸಿನಲ್ಲಿ ಉಳಿಯಿತು.

2017ರಲ್ಲಿ, ಸೋದರಮಾವನ ಒತ್ತಾಯದಿಂದ, ಕಲಬುರಗಿಗೆ ಹೋಗಿ ಕೀಲುರೋಗ ಬಲ್ಲ ವೈದ್ಯರೊಬ್ಬರನ್ನು ಕಂಡರು. ಅವರು ರಕ್ತ ತೆಗೆಸಿದರು, ಎರಡೂ ಕೈಯ ಎಕ್ಸ್‌ರೇ ತೆಗೆಸಿದರು. ಫಿಲ್ಮನ್ನು ಬೆಳಕಿಗೆ ಹಿಡಿದು, ಹುಡುಗಿ ವಿಜ್ಞಾನದವಳೆಂದು ತಿಳಿದು, ಅವಳನ್ನೇ ಹತ್ತಿರ ಕರೆದರು. "ನೀರಿನಿಂದ ಬಂದದ್ದಾದರೆ ಎಲುಬು ಇದಕ್ಕಿಂತ ಬೆಳ್ಳಗೆ, ದಟ್ಟವಾಗಿ ಕಾಣಬೇಕು. ಇಲ್ಲಿ ನೋಡಮ್ಮ." ಬೆರಳಿನ ಬುಡದಲ್ಲಿ, ಗುಂಡಗಿರಬೇಕಾದ ಎಲುಬಿನ ಅಂಚಿನಲ್ಲಿ, ಇಲಿ ಕಚ್ಚಿದ ರೊಟ್ಟಿಯಂತೆ ಸಣ್ಣ ಸಣ್ಣ ಕಚ್ಚುಗಳಿದ್ದವು. ಫ್ಲೋರೈಡ್ ಎಲುಬಿನಲ್ಲಿ ಸುಣ್ಣ ಪೇರಿಸುವ ರೋಗ. ಇಲ್ಲಿ ಯಾರೋ ಎಲುಬನ್ನು ತಿಂದಿದ್ದರು. ರೋಗದ ಹೆಸರು ರೂಮಟಾಯ್ಡ್ ಸಂಧಿವಾತ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ನಮ್ಮ ದೇಶದಲ್ಲಿ ನೂರು ವಯಸ್ಕರಲ್ಲಿ ಒಬ್ಬರಿಗಿಂತ ಸ್ವಲ್ಪ ಕಡಿಮೆ ಎನ್ನುವ ಲೆಕ್ಕವಿದೆ. ಅಪರೂಪದ್ದೇನೂ ಅಲ್ಲ, ಅಂದಾಜು ಎರಡು ಓಣಿಗೊಬ್ಬರು.

ಹುಡುಗಿ ಒಂದೇ ಪ್ರಶ್ನೆ ಕೇಳಿದಳು: "ತಿನ್ನೋದು ಯಾರು, ಸರ್?" ವೈದ್ಯರ ಬಾಗಿಲಲ್ಲಿ ಜನ ಕಾಯುತ್ತಿದ್ದರು. "ನಿಮ್ಮ ಜೀವಶಾಸ್ತ್ರದ ಮೇಷ್ಟ್ರನ್ನ ಕೇಳು" ಎಂದರು. ಆ ಮೇಷ್ಟ್ರು ಒಳ್ಳೆಯವರಿದ್ದರು. ಪಾಠ ಮುಗಿದ ಮೇಲೆ ಖಾಲಿ ತರಗತಿಯಲ್ಲಿ ಕುಳಿತು, ಗೊತ್ತಿದ್ದಷ್ಟನ್ನು ಹೇಳಿ, ಉಳಿದದ್ದನ್ನು ಓದಿಕೊಂಡು ಬಂದು ಹೇಳಿದರು.

ಎಲುಬು ಕಲ್ಲಲ್ಲ ಎಂಬಲ್ಲಿಂದ ಅವರು ಶುರುಮಾಡಿದರು. ಈ ಸೀಮೆಯ ಮಣ್ಣಿನ ಮಾಳಿಗೆ ಮನೆಗಳನ್ನು ಕಂಡವರಿಗೆ ಇದು ಬೇಗ ತಿಳಿಯುತ್ತದೆ. ಮಳೆಗಾಲಕ್ಕೆ ಮುಂಚೆ ಮಾಳಿಗೆ ಹತ್ತಿ, ಬಿರುಕು ಬಿಟ್ಟ ಹಳೆಯ ಮಣ್ಣು ಕೆತ್ತಿ, ಹೊಸ ಮಣ್ಣು ಹಾಕಿ ಬಡಿಯುತ್ತಾರೆ. ಮನೆ ಅದೇ, ಮಣ್ಣು ಹೊಸದು. ದೊಡ್ಡವರ ಮೈಯ ಎಲುಬಿನಲ್ಲಿ ವರ್ಷಕ್ಕೆ ಸುಮಾರು ಹತ್ತರಲ್ಲಿ ಒಂದು ಭಾಗ ಹೀಗೆ ಹೊಸದಾಗುತ್ತದೆ. ಕೆತ್ತುವ ಕೋಶಕ್ಕೆ ಆಸ್ಟಿಯೋಕ್ಲಾಸ್ಟ್ ಎಂದೂ ಕಟ್ಟುವ ಕೋಶಕ್ಕೆ ಆಸ್ಟಿಯೋಬ್ಲಾಸ್ಟ್ ಎಂದೂ ಹೆಸರು. ಕೆತ್ತುವ ಕೋಶ ಎಲುಬಿಗೆ ಬಾಯಿ ಹಚ್ಚಿ ಕೂರುತ್ತದೆ; ಆಮ್ಲ ಸುರಿದು ಸುಣ್ಣವನ್ನು ಕರಗಿಸುತ್ತದೆ, ಕಿಣ್ವ ಬಿಟ್ಟು ಒಳಗಿನ ನಾರನ್ನು ಜೀರ್ಣಿಸುತ್ತದೆ. ಒಂದು ಜಾಗವನ್ನು ಕೆತ್ತಲು ಎರಡು ಮೂರು ವಾರ ಸಾಕು. ಅದನ್ನು ತುಂಬಲು ಮೂರು ನಾಲ್ಕು ತಿಂಗಳು ಬೇಕು. ಕೆಡವುವುದು ಬೇಗ, ಕಟ್ಟುವುದು ನಿಧಾನ.

ಈ ಕೆತ್ತುವ ಕೋಶವನ್ನು ವಿಜ್ಞಾನಿಗಳು ನೂರೈವತ್ತು ವರ್ಷಗಳಿಂದ ಬಲ್ಲರು. ಸ್ವಿಟ್ಜರ್ಲೆಂಡಿನ ಕೋಲಿಕರ್ 1873ರಲ್ಲೇ ಅದಕ್ಕೆ ಹೆಸರಿಟ್ಟ. ಆದರೆ ಅದರ ಕುಲ ಯಾವುದು ಎಂಬುದು ಬಹುಕಾಲ ಗುಟ್ಟಾಗಿತ್ತು. ಅದು ಎಲುಬಿನ ಕುಲದ್ದೇ ಅಲ್ಲ. ರೋಗಾಣುಗಳನ್ನು ನುಂಗುವ ಬಿಳಿರಕ್ತಕಣಗಳ ಮನೆತನದ್ದು. ಒಂದೇ ತಾಯಿಕೋಶದ ಮಕ್ಕಳಲ್ಲಿ ಕೆಲವರು ರಕ್ತದಲ್ಲಿ ಕಾವಲು ಕಾಯುತ್ತಾರೆ. ಕೆಲವರು ಎಲುಬಿನ ಮೇಲೆ ಬಂದು, ನಾಲ್ಕಾರು ಮಂದಿ ಒಬ್ಬರೊಳಗೊಬ್ಬರು ಬೆರೆತು, ಹಲವು ಕೋಶಕೇಂದ್ರಗಳಿರುವ ಒಂದು ದೊಡ್ಡ ಕೋಶವಾಗಿ ಕೆತ್ತಲು ತೊಡಗುತ್ತಾರೆ. ಯಾರು ಏನಾಗಬೇಕೆಂದು ತೀರ್ಮಾನಿಸುವುದು ಅವರಿಗೆ ಬರುವ ಚೀಟಿ.

ಚೀಟಿ ಎಂದರೆ ಸೈಟೊಕೈನ್‌ಗಳು. ರೋಗನಿರೋಧಕ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಹೊರಬಿಡುವ ಸಣ್ಣ ಪ್ರೋಟೀನುಗಳಿವು. ವೈರಿ ಬಂದಿದ್ದಾನೆ, ಊತ ಬರಿಸು, ಜ್ವರ ಏರಿಸು, ಸಾಕು ನಿಲ್ಲಿಸು ಎಂಬೆಲ್ಲ ಆಜ್ಞೆ ಇವುಗಳಲ್ಲೇ. ಎಲುಬೂ ಈ ಚೀಟಿಗಳನ್ನು ಓದುತ್ತದೆ ಎಂಬ ಸುಳಿವು ಸಿಕ್ಕಿದ್ದು 1972ರಲ್ಲಿ, ಅದೂ ಹಲ್ಲಿನ ಕೊಳೆಯಿಂದ. ಅಮೆರಿಕದ ಹಾರ್ಟನ್, ರೈಜ್ ಮತ್ತು ಸಂಗಡಿಗರು ಮನುಷ್ಯನ ಬಿಳಿರಕ್ತಕಣಗಳನ್ನು ಹಲ್ಲಿನ ಮೇಲೆ ಕಟ್ಟುವ ಪಾಚಿಯ ಅಂಶದಿಂದ ಕೆರಳಿಸಿ, ಆ ಕಣಗಳನ್ನು ಬೆಳೆಸಿದ ದ್ರವವನ್ನು ಎಲುಬಿನ ಚೂರಿಗೆ ಹಾಕಿದರು. ಎಲುಬು ಕರಗಿತು. ದ್ರವದೊಳಗಿನ ಆ ಗುಟ್ಟಿನ ವಸ್ತುವಿನಲ್ಲಿ ಮುಖ್ಯವಾದದ್ದು ಇಂಟರ್‌ಲ್ಯೂಕಿನ್-1 ಎಂದು 1985ರಲ್ಲಿ ತಿಳಿಯಿತು. ಮರುವರ್ಷ ಟಿ.ಎನ್.ಎಫ್. ಎಂಬ ಇನ್ನೊಂದು ಚೀಟಿಯೂ ಅದೇ ಕೆಲಸ ಮಾಡುತ್ತದೆ ಎಂದು ಗೊತ್ತಾಯಿತು. ಒಸಡು ವರ್ಷಗಟ್ಟಲೆ ಕೆಂಪಗೆ ಊದಿಕೊಂಡವರ ಹಲ್ಲು ಹುಳುಕಿಲ್ಲದಿದ್ದರೂ ಅಲುಗಾಡುವುದೇಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ಹಲ್ಲು ನಾಟಿಕೊಂಡ ಎಲುಬನ್ನು ಕರಗಿಸುವುದು ರೋಗಾಣುವಿಗಿಂತ ಹೆಚ್ಚಾಗಿ, ಅದರ ವಿರುದ್ಧ ನಮ್ಮ ಮೈ ಬರೆದ ಚೀಟಿಗಳು.

ಆದರೆ ಕೆತ್ತುವ ಕೋಶವನ್ನು ಹುಟ್ಟಿಸುವ ಮುಖ್ಯ ಹುಕುಂ ಯಾವುದು? ಅದು ಸಿಕ್ಕಿದ್ದು 1997-98ರಲ್ಲಿ. ಅದಕ್ಕೆ ರ‍್ಯಾಂಕ್-ಎಲ್ ಎಂದು ಹೆಸರು. ಅದನ್ನು ಕಂಡವರಲ್ಲಿ ಒಂದು ತಂಡ ಜಪಾನಿನ ಹಾಲಿನ ಕಂಪನಿಯೊಂದರದು, ಸ್ನೋ ಬ್ರಾಂಡ್ ಎಂಬುದರದು! ಹಾಲು ಮಾರುವವರಿಗೆ ಎಲುಬಿನ ಮೇಲೆ ಆಸಕ್ತಿ ಇರುವುದು ನ್ಯಾಯವೇ. ಅದೇ ತಂಡವೂ ಅಮೆರಿಕದ ಇನ್ನೊಂದು ತಂಡವೂ ಬೇರೆ ಬೇರೆಯಾಗಿ ಒಂದು ತಡೆಯನ್ನೂ ಕಂಡವು: ಆಸ್ಟಿಯೊಪ್ರೊಟೆಜೆರಿನ್. ಇದು ರ‍್ಯಾಂಕ್-ಎಲ್ ಚೀಟಿಯನ್ನು ದಾರಿಯಲ್ಲೇ ಕಿತ್ತುಕೊಳ್ಳುವ ವಸ್ತು. ಕೆತ್ತುವ ಕೋಶದ ಬಾಗಿಲಲ್ಲಿ ಚೀಟಿ ಹಾಕುವ ಒಂದು ಡಬ್ಬಿ ಇದೆ ಎಂದುಕೊಳ್ಳಿ. ಚೀಟಿ ಅದಕ್ಕೆ ಬಿದ್ದರೆ ಕೆತ್ತನೆ ಶುರು, ನಡುವೆ ಯಾರಾದರೂ ಕಸಿದುಕೊಂಡರೆ ಇಲ್ಲ. ಆರೋಗ್ಯವಂತರಲ್ಲಿ ಬರೆಯುವವರೂ ಕಸಿಯುವವರೂ ಸರಿಸಮ. ಮುಟ್ಟು ನಿಂತ ಮೇಲೆ ಹೆಂಗಸರ ಎಲುಬು ಟೊಳ್ಳಾಗುವುದಕ್ಕೂ ಈ ತಕ್ಕಡಿ ವಾಲುವುದು ಒಂದು ಕಾರಣ.

1999ರಲ್ಲಿ ಟೊರಾಂಟೊದ ಪೆನಿಂಗರ್ ತಂಡ ರ‍್ಯಾಂಕ್-ಎಲ್ ಇಲ್ಲದ ಇಲಿಗಳನ್ನು ಹುಟ್ಟಿಸಿ ನೋಡಿತು. ನಿರೀಕ್ಷೆಯಂತೆ ಅವುಗಳಲ್ಲಿ ಕೆತ್ತುವ ಕೋಶವೇ ಇರಲಿಲ್ಲ. ಎಲುಬು ಕಲ್ಲಿನಂತೆ ದಟ್ಟವಾಗಿತ್ತು, ಹಲ್ಲು ಹೊರಬಂದಿರಲಿಲ್ಲ. ನಿರೀಕ್ಷಿಸದೇ ಇದ್ದದ್ದು ಇನ್ನೊಂದು: ಅವುಗಳಿಗೆ ದುಗ್ಧಗ್ರಂಥಿಗಳೂ ಇರಲಿಲ್ಲ. ಕಂಕುಳಲ್ಲಿ, ಕುತ್ತಿಗೆಯಲ್ಲಿ ರೋಗಾಣುಗಳನ್ನು ತಡೆಯುವ ಗಂಟುಗಳನ್ನು ಕಟ್ಟುವುದೂ ಎಲುಬನ್ನು ಕೆತ್ತಿಸುವುದೂ ಒಂದೇ ಚೀಟಿ ಎಂದಾಯಿತು. ಬಿಳಿರಕ್ತಕಣಗಳು ಹುಟ್ಟುವುದೇ ಎಲುಬಿನ ಒಳಗಿನ ಮಜ್ಜೆಯಲ್ಲಿ. ನಡುವೆ ಒಂದೇ ಗೋಡೆಯ ನೆರೆಮನೆಯವರಂತೆ ಇಬ್ಬರ ಬದುಕು. ಅದೇ ವರ್ಷ ಅದೇ ತಂಡ, ಕೆರಳಿದ ಟಿ-ಕೋಶಗಳು ತಾವೇ ರ‍್ಯಾಂಕ್-ಎಲ್ ಹೊರಹಾಕಿ ಸಂಧಿವಾತದ ಇಲಿಗಳ ಕೀಲು ತಿನ್ನಿಸುತ್ತವೆ ಎಂದೂ ತೋರಿಸಿತು.

ಗೋಗಿಯ ತಾಯಿಯ ಬೆರಳಿನಲ್ಲಿ ನಡೆದದ್ದು ಹೆಚ್ಚು ಕಡಿಮೆ ಇದೇ. ಕೀಲಿನ ಒಳಪೊರೆಯನ್ನು ಅವಳದೇ ಕಾವಲುಕೋಶಗಳು ವೈರಿಯೆಂದು ತಪ್ಪು ತಿಳಿದವು. ಪೊರೆ ಊದಿ ದಪ್ಪವಾಯಿತು. ಅಲ್ಲಿಂದ ಟಿ.ಎನ್.ಎಫ್., ಇಂಟರ್‌ಲ್ಯೂಕಿನ್-1, 6, 17 ಮೊದಲಾದ ಚೀಟಿಗಳು ಹೊರಟವು. ಅವುಗಳ ಒತ್ತಡಕ್ಕೆ ಸುತ್ತಲಿನ ಕೋಶಗಳು ರ‍್ಯಾಂಕ್-ಎಲ್ ಸುರಿದವು. ಟಿ.ಎನ್.ಎಫ್. ಇನ್ನೂ ಒಂದು ಕೇಡು ಮಾಡುತ್ತದೆ, ಕಟ್ಟುವ ಕೋಶಗಳ ಕೈಯನ್ನೇ ಕಟ್ಟಿಹಾಕುತ್ತದೆ. ಹೀಗಾಗಿ ತಿಂದ ಜಾಗ ತಿಂದ ಹಾಗೇ ಉಳಿಯುತ್ತದೆ. ನೀರಿನದಾಗಲಿ ವಿಧಿಯದಾಗಲಿ ತಪ್ಪಿರಲಿಲ್ಲ. ತಪ್ಪು ವಿಳಾಸಕ್ಕೆ ಹೋದ ಚೀಟಿಗಳವು.

ಎಲ್ಲ ಚೀಟಿಯೂ ಕೆಡವು ಎನ್ನುವುದಿಲ್ಲ. ಜಪಾನಿನ ತಕಯಾನಗಿ ತಂಡ 2000ದಲ್ಲಿ ತೋರಿಸಿದಂತೆ, ಅದೇ ಟಿ-ಕೋಶ ಬಿಡುವ ಇಂಟರ್‌ಫೆರಾನ್-ಗಾಮಾ ಕೆತ್ತುವ ಕೋಶ ಹುಟ್ಟದಂತೆ ತಡೆಯುತ್ತದೆ. ನಮ್ಮ ಪಕ್ಕದ ಪುಣೆಯಲ್ಲೇ, ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಲ್ಲಿ, ಮೋಹನ್ ವಾಣಿ ಮತ್ತು ಸಂಗಡಿಗರು 2003ರಲ್ಲಿ ಇಂಟರ್‌ಲ್ಯೂಕಿನ್-3ರ ಬಗ್ಗೆ ಇಂಥದ್ದೇ ಸಂಗತಿ ಕಂಡರು. ಆ ಚೀಟಿ ಬಂದರೆ ಎಲುಬು ಕೆತ್ತಲು ಹೊರಟ ಎಳೆಯ ಕೋಶ ದಾರಿ ಬದಲಿಸಿ ರೋಗಾಣು ನುಂಗುವ ಕಾವಲುಗಾರನಾಗುತ್ತದೆ. ಪುಣೆಯ ರೈಲು ಯಾದಗಿರಿಯಲ್ಲೂ ನಿಲ್ಲುತ್ತದೆ ಎಂದು ಹುಡುಗಿ ಅಂದು ಹೇಳಿದಳಂತೆ. ಮೇಷ್ಟ್ರು ನಕ್ಕು ಸುಮ್ಮನಾದರು.

ಅಷ್ಟರೊಳಗೆ ಮನೆಯಲ್ಲಿ ಔಷಧ ಶುರುವಾಗಿತ್ತು. ಮುಖ್ಯವಾದದ್ದು ಮೆಥೊಟ್ರೆಕ್ಸೇಟ್. ಆಂಧ್ರದ ಭೀಮವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯೆಲ್ಲಾಪ್ರಗಡ ಸುಬ್ಬರಾವ್ ಮುಖ್ಯಸ್ಥರಾಗಿದ್ದ ಪ್ರಯೋಗಾಲಯದಲ್ಲಿ 1940ರ ದಶಕದಲ್ಲಿ ತಯಾರಾದ ಔಷಧವಿದು. ಮೊದಲು ರಕ್ತದ ಕ್ಯಾನ್ಸರಿಗೆ ಬಳಸಿದ್ದು, ಆಮೇಲೆ ಬಹಳ ಸಣ್ಣ ಪ್ರಮಾಣದಲ್ಲಿ ಕೀಲಿಗೂ ಆಗಿಬಂತು. ಬೆಲೆ ಹೆಚ್ಚಿಲ್ಲ. ಆದರೆ ಸಂಧಿವಾತಕ್ಕೆ ಇದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ದಿನಾ ನುಂಗಿದರೆ ರಕ್ತಕಣಗಳು ಕುಸಿದು ಜೀವಕ್ಕೇ ಅಪಾಯ. ಈ ಮನೆಯಲ್ಲೂ ಅದು ಒಂದು ಕೂದಲೆಳೆಯಲ್ಲಿ ತಪ್ಪಿತು. "ವಾರಕ್ಕೊಂದ್ ಸಲ ನುಂಗಿದ್ರ ಏನ್ ಹತ್ತೀತು?" ಎಂದು ತಂದೆ ಮರುದಿನವೂ ಗುಳಿಗೆ ಕೈಯಲ್ಲಿಟ್ಟಿದ್ದ. ಅವನ ಲೆಕ್ಕದಲ್ಲಿ ಅದು ಪ್ರೀತಿ. ಮಗಳು ಕಸಿದುಕೊಂಡಳು. ಆಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಸೋಮವಾರಕ್ಕೆ ಕೆಂಪು ಗೆರೆ ಸುತ್ತಿದಳು. ಬೇರೆ ದಿನ ನುಂಗುವ ಫೋಲಿಕ್ ಆಮ್ಲದ ಗುಳಿಗೆಯನ್ನು ಬೇರೆ ಡಬ್ಬಿಯಲ್ಲಿಟ್ಟಳು. ರಕ್ತದ ಪರೀಕ್ಷೆಯ ಚೀಟಿಗಳೆಲ್ಲ ಅವಳ ಪಠ್ಯಪುಸ್ತಕದ ನಡುವೆ.

ಹಳೆಯ ಬಿಳಿ ಗುಳಿಗೆಯನ್ನು ವೈದ್ಯರು ಒಂದೇ ಸಲ ನಿಲ್ಲಿಸಲಿಲ್ಲ, ತಿಂಗಳುಗಟ್ಟಲೆ ಇಳಿಸುತ್ತ ಬಂದರು. ಸ್ಟೀರಾಯ್ಡ್‌ನ ವಿಚಿತ್ರ ನೋಡಿ: ಊತದ ಚೀಟಿಗಳನ್ನು ಅದು ಹರಿದುಹಾಕುತ್ತದೆ, ನಿಜ. ಬೇಗ ಉಪಶಮನ ಬೇಕಾದಾಗ ವೈದ್ಯರೂ ಅದನ್ನೇ ಕೊಡುತ್ತಾರೆ. ಆದರೆ ವರ್ಷಗಟ್ಟಲೆ ನುಂಗಿದರೆ ಎಲುಬು ಕಟ್ಟುವ ಕೋಶಗಳನ್ನೇ ಸೊರಗಿಸುತ್ತದೆ, ರ‍್ಯಾಂಕ್-ಎಲ್ ಕಡೆಗೆ ತಕ್ಕಡಿ ವಾಲಿಸುತ್ತದೆ. ಅದರ ಮೇಲೆ ಆ ಎರಡು ವರ್ಷ ಯಾವ ಲೆಕ್ಕವೂ ಇಲ್ಲದೆ ನುಂಗಿದ್ದು.

ಇದಕ್ಕಿಂತ ದುಬಾರಿ ಮದ್ದುಗಳೂ ಇವೆ. ಭಾರತ ಮೂಲದ ರವೀಂದರ್ ಮೈನಿ ಮತ್ತು ಮಾರ್ಕ್ ಫೆಲ್ಡ್‌ಮನ್ 1992ರಲ್ಲಿ ಲಂಡನ್ನಿನಲ್ಲಿ ಟಿ.ಎನ್.ಎಫ್. ತಡೆಯುವ ಔಷಧವನ್ನು ಸಂಧಿವಾತದ ರೋಗಿಗಳಿಗೆ ಮೊದಲ ಬಾರಿ ಕೊಟ್ಟರು. ಒಂದು ಚೀಟಿಯನ್ನು ತಡೆದರೆ ಇಡೀ ಗದ್ದಲ ಇಳಿಯುತ್ತದೆ ಎಂಬುದು ಆಗ ಸಾಬೀತಾಯಿತು. ರ‍್ಯಾಂಕ್-ಎಲ್ ಅನ್ನೇ ಹಿಡಿದುಹಾಕುವ ಡೆನೋಸುಮಾಬ್‌ಗೆ ಅಮೆರಿಕದಲ್ಲಿ 2010ರಲ್ಲಿ ಅನುಮತಿ ದೊರೆಯಿತು, ಟೊಳ್ಳೆಲುಬಿನ ರೋಗಕ್ಕೆ. ಆದರೆ ಟಿ.ಎನ್.ಎಫ್. ಬರೀ ಕೇಡಿಗನಲ್ಲ. ಮೈಯಲ್ಲಿ ಅಡಗಿದ ಕ್ಷಯದ ರೋಗಾಣುವಿಗೆ ಗೋಡೆ ಕಟ್ಟಿ ಕೂರಿಸುವುದೂ ಅದೇ. ತಡೆದರೆ ಕ್ಷಯ ತಲೆಯೆತ್ತೀತು. ಅದಕ್ಕೇ ನಮ್ಮ ದೇಶದಲ್ಲಿ ಈ ಮದ್ದು ಕೊಡುವ ಮೊದಲು ಕ್ಷಯದ ಪರೀಕ್ಷೆ ಕಡ್ಡಾಯವೆಂಬಂತೆ ಮಾಡುತ್ತಾರೆ. ಗೋಗಿಯ ತಾಯಿಗೆ ಅದರ ಅಗತ್ಯ ಬೀಳಲಿಲ್ಲ.

ಮೂರು ತಿಂಗಳಿಗೆ ಬೆಳಗಿನ ಬಿಗಿತ ಅರ್ಧಕ್ಕಿಳಿಯಿತು. ಆರು ತಿಂಗಳಿಗೆ ಮುಂಗೈಯ ಊತ ಹೋಯಿತು. ಬಲಗೈಯ ಎರಡು ಬೆರಳು ಮಾತ್ರ ಹೊರಕ್ಕೆ ವಾಲಿದ್ದು ವಾಲಿದ್ದೇ. ರೋಗ ಶುರುವಾದ ಮೊದಲ ಎರಡು ವರ್ಷದಲ್ಲೇ ಎಲುಬಿಗೆ ಕಚ್ಚು ಬೀಳತೊಡಗುತ್ತದೆ. ಆ ಎರಡು ವರ್ಷ ಈ ಮನೆಯಲ್ಲಿ ನೀರನ್ನು ಬೈಯುತ್ತ ಕಳೆದಿದ್ದವು. ತಂದೆ ಈ ಮಾತು ಕೇಳಿದಾಗ ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತ. ಮರುವಾರ, ಯಾರೂ ಕೇಳದಿದ್ದರೂ, ಮಗಳ ಬಸ್ ಪಾಸಿನ ದುಡ್ಡು ಅವನೇ ತೆಗೆದಿಟ್ಟ. ರೊಟ್ಟಿಗೆ ನಾದಿನಿ ಬಂದು ಕೈ ಕೊಟ್ಟಳು.

ಗಂಡಿನ ಕಡೆಯವರ ಪ್ರಶ್ನೆಯನ್ನೂ ಹುಡುಗಿ ವೈದ್ಯರಿಗೆ ಕೇಳಿದ್ದಳು. ರೋಗ ಇದ್ದವರ ಮಕ್ಕಳಿಗೆ ಉಳಿದವರಿಗಿಂತ ಸಾಧ್ಯತೆ ಸ್ವಲ್ಪ ಹೆಚ್ಚು ನಿಜ, ಆದರೆ ಬಹುಪಾಲು ಮಕ್ಕಳಿಗೆ ಬರುವುದೇ ಇಲ್ಲ ಎಂದು ಅವರು ಹೇಳಿದರು. ಬಂದರೂ ಈಗ ಗುರುತು ಗೊತ್ತಲ್ಲ ಎಂದು ಅವಳೇ ಸೇರಿಸಿದಳು.

2019ರ ಸುಗ್ಗಿಯ ಒಂದು ಬೆಳಿಗ್ಗೆ, ಆ ಮನೆಯಲ್ಲಿ ತಾಯಿ ಒಲೆಯ ಮುಂದಿದ್ದಳು. ಮೊದಲಿನಷ್ಟು ತೆಳ್ಳಗೆ ಬಡಿಯಲು ಬರುವುದಿಲ್ಲ. ದಪ್ಪನೆಯ ಸಣ್ಣ ರೊಟ್ಟಿ, ನಾಲ್ಕು ಬಡಿದರೆ ಸಾಕಾಗುತ್ತದೆ. ಮಗಳು ಬಸ್ಸಿಗೆ ಹೊರಟಿದ್ದಳು. ಬಾಗಿಲಲ್ಲಿ ಹಿಂದಿನ ಓಣಿಯ ಹೆಂಗಸೊಬ್ಬಳು ನಿಂತಿದ್ದಳು, ಮೂವತ್ತೈದರವಳು. ಸೆರಗಿನೊಳಗಿಂದ ಕೈ ಹೊರತೆಗೆದು ಚಾಚಿದಳು.

"ನಂದೂ ಒಂದೀಟು ನೋಡವ್ವ. ನೀರಿಂದೇ ಇರ್ಬೇಕು."

ಹುಡುಗಿ ಚೀಲ ಕೆಳಗಿಟ್ಟು, ಎರಡೂ ಕೈಯ ಬೆರಳ ಗಂಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಬೆಚ್ಚಗಿದ್ದವು.

"ಕಾಕಿ, ಮುಂಜಾನಿ ಎದ್ದಾಗ ಎಷ್ಟೊತ್ತು ಬಿಗೀತಾವು?"